ಜನರ ಸಹಭಾಗಿತ್ವ: ಸಭೆ ಕರೆದರೆ ಮುಗೀತಾ?

ಸಾರ್ವಜನಿಕ ಆರೋಗ್ಯದ ಪಾಠದಲ್ಲಿ ‘ಸಮುದಾಯದ ಸಹಭಾಗಿತ್ವ’ ಅಂತ ಬಂದ ಕೂಡಲೇ ನಾವೆಲ್ಲ ‘ಜನರಲ್ಲಿ ಅರಿವು ಮೂಡಿಸುವುದು’ ಅಂತ ಬರೆದುಬಿಡುತ್ತೇವೆ. ಅದು ಅರ್ಧ ಉತ್ತರವೂ ಅಲ್ಲ. ಅರಿವು ಮೂಡಿಸುವ ಕಡೆ ಜನ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಸಹಭಾಗಿತ್ವ ಇರುವ ಕಡೆ ನಮ್ಮ ತೊಂದರೆ ಯಾವುದು, ಮೊದಲು ಏನು ಮಾಡಬೇಕು, ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ. ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ 1978ರಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದ ಆಲ್ಮಾ ಆಟಾ ಘೋಷಣೆ ಹೇಳುವುದೂ ಇದನ್ನೇ: ಆರೋಗ್ಯ ಸೇವೆಯ ಯೋಜನೆಯಲ್ಲೂ ಜಾರಿಯಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು, ಹೊಣೆಯೂ ಹೌದು. ಇಲ್ಲಿ ‘ಯೋಜನೆಯಲ್ಲೂ’ ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ.

ಒಂದು ಹಳೆಯ ಉದಾಹರಣೆ ನೋಡೋಣ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಬೀದಿಯ ನೀರಿನ ಪಂಪಿನ ಮೇಲೆ ಅನುಮಾನಪಟ್ಟರು, ಸೆಪ್ಟೆಂಬರ್ 8ರಂದು ಅದರ ಹಿಡಿಕೆ ತೆಗೆಸಲಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಹೆನ್ರಿ ವೈಟ್‌ಹೆಡ್ ಹೆಸರು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ಆತ ಅದೇ ಬೀದಿಗಳ ಚರ್ಚಿನಲ್ಲಿದ್ದ ಯುವ ಪಾದ್ರಿ. ಮೊದಲಿಗೆ ಸ್ನೋ ಹೇಳಿದ್ದನ್ನು ನಂಬಲಿಲ್ಲ, ಅದು ತಪ್ಪು ಅಂತ ತೋರಿಸಲೆಂದೇ ಮನೆಮನೆ ಸುತ್ತಿದ. ಅಲ್ಲಿನವರಿಗೆ ಪರಿಚಯದವನಾದ್ದರಿಂದ ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ ಯಾರು ಯಾವ ನೀರು ಕುಡಿದರು ಅಂತ ಕೇಳಬಹುದಿತ್ತು. ಹಾಗೆ ಕೇಳುತ್ತಾ ಹೋದಾಗಲೇ 40ನೇ ನಂಬರಿನ ಮನೆಯ ಸಂಗತಿ ಸಿಕ್ಕಿತು. ಬೇರೆಯವರು ಕಾಯಿಲೆ ಬೀಳುವ ಮುಂಚೆಯೇ ಅಲ್ಲಿ ಒಂದು ಹಸುಗೂಸಿಗೆ ಭೇದಿ ಆಗಿತ್ತು, ತಾಯಿ ಅದರ ಬಟ್ಟೆ ಒಗೆದ ನೀರನ್ನು ಮನೆಯ ಮಲಗುಂಡಿಗೆ ಸುರಿಯುತ್ತಿದ್ದಳು. ಅಗೆದು ನೋಡಿದರೆ ಆ ಗುಂಡಿಗೂ ಪಂಪಿನ ಬಾವಿಗೂ ಮೂರಡಿ ದೂರವೂ ಇರಲಿಲ್ಲ, ಗುಂಡಿಯ ಇಟ್ಟಿಗೆಗಳು ಸಡಿಲಾಗಿದ್ದವು! ಕಾಯಿಲೆ ಹೇಗೆ ಶುರುವಾಯಿತು ಅನ್ನುವುದಕ್ಕೆ ಉತ್ತರ ಒಬ್ಬ ತಾಯಿಯ ನೆನಪಿನಲ್ಲಿತ್ತು, ಪರಿಚಯದವನು ಕೇಳಿದ್ದಕ್ಕೆ ಹೊರಗೆ ಬಂತು.

ಇನ್ನು ಥಿಯರಿ. ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಸಹಭಾಗಿತ್ವವನ್ನು 8 ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಸಹಭಾಗಿತ್ವವೇ ಇಲ್ಲ. ನಡುವಿನ ಮೂರು ಅಂದರೆ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಮಾಡುವುದು: ಇವು ತೋರಿಕೆಗೆ. ಮೇಲಿನ ಮೂರರಲ್ಲಿ ಮಾತ್ರ ತೀರ್ಮಾನ ಮಾಡುವ ಅಧಿಕಾರ ಜನರ ಕೈಗೆ ಬರುತ್ತದೆ. ಎಂಟೂ ಹೆಸರು ಬಾಯಿಪಾಠ ಮಾಡುವುದಕ್ಕಿಂತ, ಯಾವ ಕಾರ್ಯಕ್ರಮ ಕೊಟ್ಟರೂ ಅದು ಯಾವ ಮೆಟ್ಟಿಲಲ್ಲಿದೆ ಅಂತ ಹೇಳಲು ಬಂದರೆ ಸಾಕು.

ಮೇಲಿನ ಮೆಟ್ಟಿಲಿಗೆ ನನಗೆ ತುಂಬಾ ಇಷ್ಟವಾದ ಉದಾಹರಣೆ ನೇಪಾಳದ ಮಕವಾನ್‌ಪುರದ್ದು. 2004ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹಳ್ಳಿಯ ಹೆಂಗಸರು ತಿಂಗಳಿಗೊಮ್ಮೆ ಗುಂಪಾಗಿ ಸೇರುತ್ತಿದ್ದರು. ಸಭೆ ನಡೆಸುತ್ತಿದ್ದವಳು ಅಲ್ಲಿನವಳೇ ಆದ ಹೆಂಗಸು, ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಅವಳು ಪಾಠ ಮಾಡಲಿಲ್ಲ. ಹೆರಿಗೆಯಲ್ಲಿ, ಎಳೆಗೂಸುಗಳಿಗೆ ಏನೇನು ತೊಂದರೆ ಆಗುತ್ತಿದೆ ಅಂತ ಗುಂಪೇ ಮಾತಾಡಿ ದಾರಿ ಹುಡುಕಿತು. ಕೆಲವು ಗುಂಪುಗಳು ತುರ್ತಿಗೆ ಅಂತ ನಿಧಿ ಕೂಡಿಸಿದವು, ಕೆಲವು ಸ್ಟ್ರೆಚರಿನ ವ್ಯವಸ್ಥೆ ಮಾಡಿದವು, ಕೆಲವು ಶುದ್ಧ ಹೆರಿಗೆಯ ಕಿಟ್ ತಯಾರಿಸಿ ಹಂಚಿದವು. ಗುಂಪು ಇಲ್ಲದ ಕಡೆ ಸಾವಿರ ಜೀವಂತ ಹೆರಿಗೆಗೆ ಸುಮಾರು 37 ನವಜಾತ ಶಿಶುಗಳು ಸತ್ತರೆ, ಗುಂಪು ಇದ್ದ ಕಡೆ ಸುಮಾರು 26. ಹಾಗಂತ ಬರೀ ಮಾತಿನಿಂದಲೇ ಆಯಿತು ಅನ್ನಬೇಡಿ, ಆರೋಗ್ಯ ಕೇಂದ್ರಗಳಿಗೆ ಸಲಕರಣೆ, ಸಿಬ್ಬಂದಿಗೆ ತರಬೇತಿ ಎರಡೂ ಕಡೆ ಕೊಟ್ಟಿದ್ದರು.

ನಾರುಹುಣ್ಣು ಇನ್ನೊಂದು ಉದಾಹರಣೆ. ಇದು ಕುಡಿಯುವ ನೀರಿನಿಂದ ಮೈಗೆ ಸೇರಿ, ಹುಣ್ಣಿನ ಮೂಲಕ ಹೊರಬರುವ ಗಿನಿ ಹುಳುವಿನ ಕಾಯಿಲೆ. ಇದಕ್ಕೆ ಲಸಿಕೆಯೂ ಇಲ್ಲ, ಗುಣ ಮಾಡುವ ಔಷಧಿಯೂ ಇಲ್ಲ. 1986ರಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಜನರಿಗೆ ಬರುತ್ತಿದ್ದದ್ದು ಈಗ ಬೆರಳೆಣಿಕೆಗೆ ಇಳಿದಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಾದವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು, ಹೊಸ ರೋಗಿ ಕಂಡ ಕೂಡಲೇ ಸುದ್ದಿ ಮುಟ್ಟಿಸುವುದು, ಇದನ್ನೆಲ್ಲ ದಿನಾ ಮಾಡಿದವರು ಹಳ್ಳಿಯ ಸ್ವಯಂಸೇವಕರೇ.

ಮಿತಿಗಳನ್ನು ಬಿಡಬೇಡಿ. ಸಹಭಾಗಿತ್ವದ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು, ಅದರಲ್ಲೂ ಹೆಂಗಸರನ್ನು, ನಡೆಯುತ್ತಲೇ ಇದೆ. ಸಭೆಗೆ ಯಾರು ಬಂದಿಲ್ಲ ಅನ್ನುವುದನ್ನೂ ನೋಡಬೇಕು. ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ದಿನಗೂಲಿಯವರು ಎಲ್ಲಿಂದ ಬರುತ್ತಾರೆ ಹೇಳಿ? ಅವರ ಮನೆಗೆ ಗಲೀಜು ನೀರು ಬರುತ್ತಿದ್ದರೆ ಅದು ಆ ದಿನದ ನಡಾವಳಿ ಪುಸ್ತಕದಲ್ಲಿ ಇರುವುದೇ ಇಲ್ಲ.