ಸುಣ್ಣದಕಲ್ಲಿನೊಳಗಿನ ಗಟ್ಟಿ ಗಂಟು ಚರ್ಟೇ?

ಪ್ರಶ್ನೆ: ಸುಣ್ಣದಕಲ್ಲಿನ ಪದರಗಳ ನಡುವೆ ಕಂದು, ಬೂದು ಬಣ್ಣದ ಗಟ್ಟಿ ಗಂಟುಗಳು ಸಿಗುತ್ತವೆ. ಇವು ಚರ್ಟ್, ಅಂದರೆ ಸಿಲಿಕಾದ (ಮರಳಿನಲ್ಲಿರುವ ಮುಖ್ಯ ವಸ್ತು) ಅತಿ ಸಣ್ಣ ಹರಳುಗಳಿಂದಾದ ಗಟ್ಟಿ ಕಲ್ಲು, ಹೌದೋ ಅಲ್ಲವೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಉತ್ತರ: ಬಣ್ಣ ನಂಬಬೇಡಿ. ಬೂದು, ಕಂದು, ಕಪ್ಪು, ಹಳದಿ ಎಲ್ಲವೂ ಚರ್ಟಿನಲ್ಲುಂಟು. ಕಬ್ಬಿಣದಿಂದ ಕೆಂಪಾದದ್ದಕ್ಕೆ ಜಾಸ್ಪರ್ ಎನ್ನುತ್ತಾರೆ. ಹೊರಸಿಪ್ಪೆಯನ್ನೂ ನಂಬಬೇಡಿ. ಪರೀಕ್ಷೆ ಏನಿದ್ದರೂ ಹೊಸದಾಗಿ ಒಡೆದ ಮುಖದ ಮೇಲೆ. ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಸುತ್ತಿಗೆಯಿಂದ ಹೊಡೆಯಿರಿ. ಚೂರುಗಳು ಬ್ಲೇಡಿನಷ್ಟು ಹರಿತ.

ಒಡೆದ ಮುಖ ಕಪ್ಪೆಚಿಪ್ಪಿನ ಒಳಮೈಯಂತೆ ಬಾಗಿರಬೇಕು, ಮೇಣದಂಥ ಮಂದ ಹೊಳಪಿರಬೇಕು. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲೂ ಹರಳು ಕಾಣದು. ಸಕ್ಕರೆಯಂತೆ ಕಣಕಣ ಮಿನುಗಿದರೆ ಅದು ಕ್ವಾರ್ಟ್ಸೈಟ್, ಅಂದರೆ ಮರಳುಗಲ್ಲು ಮಾರ್ಪಟ್ಟು ಆದ ಗಟ್ಟಿ ಕಲ್ಲು.

ಬಳಿಕ ಚಾಕುವಿನ ತುದಿಯಿಂದ ಗೀರಿ. ಹಲವರು ಎಡವುವುದು ಇಲ್ಲೇ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಚರ್ಟಿನ ಗಡಸುತನ 6.5ರಿಂದ 7, ಸಾಮಾನ್ಯ ಚಾಕುವಿನದು 5.5ರ ಆಸುಪಾಸು. ಹಾಗಾಗಿ ಸವೆಯುವುದು ಚಾಕುವೇ; ಕಲ್ಲಿನ ಮೇಲೆ ಬೂದು ಲೋಹದ ಗೆರೆ ಮೂಡುತ್ತದೆ. ಅದನ್ನೇ ಗೀರು ಎಂದು ತಿಳಿದು, ಚರ್ಟ್ ಅಲ್ಲವೆಂದು ಎಸೆದುಬಿಡುತ್ತಾರೆ. ಗೆರೆಯ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡಿ, ತಗ್ಗು ತಾಗುವುದಿಲ್ಲ. ಅದೇ ಕಲ್ಲಿನ ಮೊನೆ ಗಾಜಿನ ಬಾಟಲಿಯನ್ನು ಗೀರಬೇಕು.

ಕೊನೆಗೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ, ಕೈಗವಸು ಹಾಕಿಕೊಂಡು. ಸುಣ್ಣದಕಲ್ಲು ತಕ್ಷಣ ನೊರೆಯುಕ್ಕಿಸುತ್ತದೆ, ಚರ್ಟ್ ಸುಮ್ಮನಿರುತ್ತದೆ. ಗಂಟಿನ ಬಿಳಿ ಸಿಪ್ಪೆಯ ಮೇಲೆ ಹನಿಸಿದರೆ ಅಂಟಿಕೊಂಡ ಸುಣ್ಣ ನೊರೆ ತಂದು ದಾರಿ ತಪ್ಪಿಸುತ್ತದೆ. ಒಳಗೂ ಅಲ್ಲಲ್ಲಿ ನೊರೆ ಬಂದರೆ, ಸಿಲಿಕಾ ಅರ್ಧಂಬರ್ಧ ಹೊಕ್ಕ ಸುಣ್ಣದಕಲ್ಲು ಎನ್ನಿ. ಗಂಟು ಆಗುವ ಬಗೆಯೇ ಹಾಗೆ: ಕಲ್ಲಿನ ಸಂದಿನ ನೀರಿನಲ್ಲಿದ್ದ ಸಿಲಿಕಾ, ಸುಣ್ಣ ಕರಗಿ ತೆರವಾದ ಜಾಗದಲ್ಲಿ ಕೂರುತ್ತ ಹೋಗುತ್ತದೆ.

ಇಷ್ಟು ಗಟ್ಟಿ ಕಲ್ಲು ಜಲ್ಲಿಗೆ ಚೆನ್ನ ಅನ್ನಿಸುವುದು ಸಹಜ. ಆದರೆ ಚರ್ಟಿನ ಕೆಲವು ಬಗೆಯ ಸಿಲಿಕಾ ಸಿಮೆಂಟಿನ ಕ್ಷಾರದೊಡನೆ ಸೇರಿ ಜೆಲ್ ಆಗುತ್ತದೆ, ಅದು ನೀರು ಹೀರಿ ಉಬ್ಬಿದಾಗ ಕಾಂಕ್ರೀಟ್ ಬಿರುಕು ಬಿಡುತ್ತದೆ. ಲ್ಯಾಬಿನಲ್ಲಿ ಪರೀಕ್ಷಿಸದೆ ಬಳಸಬೇಡಿ.

ಕೃಷ್ಣಾ-ಭೀಮಾ ನಡುವಿನ ಸುರಪುರ ಸೀಮೆಯವರಿಗೆ ಇನ್ನೊಂದು ಮಾತು. ಅಲ್ಲಿನ ಬೂದಿಹಾಳದಲ್ಲಿ ನವಶಿಲಾಯುಗದ ಜನ ಚರ್ಟಿನಿಂದ ಅಲಗು ಮಾಡುತ್ತಿದ್ದ ಜಾಗವನ್ನು ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದ್ದಾರೆ. ನಿಮ್ಮ ಹೊಲದಲ್ಲೂ ಉದ್ದುದ್ದ ತೆಳು ಚಕ್ಕೆಗಳು ಒಂದೇ ಕಡೆ ರಾಶಿಯಾಗಿ ಕಂಡರೆ ಆಯಬೇಡಿ. ಇದ್ದಲ್ಲೇ ಫೋಟೋ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ.