ಹೆದರುವ ಕಾಲಾಳು: ಕಂಪ್ಯೂಟರ್ ಸಮರದಾಟಗಳು ಪದಾತಿ ಯುದ್ಧ ಕಲಿಸತೊಡಗಿದ ಬಗೆ

‘ಕಾಂಬ್ಯಾಟ್ ಮಿಷನ್’ನಂಥ ಕಂಪ್ಯೂಟರ್ ಸಮರದಾಟಕ್ಕೆ ಹೊಸದಾಗಿ ಕೈಹಾಕಿದವರೆಲ್ಲ ಮೊದಲ ಕದನದಲ್ಲಿ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಎದುರಿಗೆ ಫ್ರಾನ್ಸಿನ ನಾರ್ಮಂಡಿಯ ಒಂದು ಒಂಟಿ ಮನೆ, ನಡುವೆ ಇನ್ನೂರು ಮೀಟರ್ ಬಯಲು, ಕೈಯಲ್ಲಿ ನಲವತ್ತು ಜನರ ಪ್ಲಟೂನ್. ಮನೆಯಲ್ಲಿ ಯಾರೂ ಕಾಣುತ್ತಿಲ್ಲ. ಓಡಿಹೋಗಿ ಹಿಡಿಯಿರಿ ಎಂದು ಮೂರೂ ತುಕಡಿಗಳಿಗೆ ಒಟ್ಟಿಗೇ ಆಜ್ಞೆ ಕೊಡುತ್ತಾರೆ. ಅರ್ಧ ದಾರಿಯಲ್ಲಿ ಕಿಟಕಿಯಿಂದ ಮೆಷಿನ್ ಗನ್ ಶುರುವಾಗುತ್ತದೆ. ಮುಂದಿದ್ದ ಮೂರ್ನಾಲ್ಕು ಮಂದಿ ಬೀಳುತ್ತಾರೆ, ಉಳಿದವರು ಬಯಲಿನಲ್ಲೇ ಬೋರಲು ಮಲಗುತ್ತಾರೆ. ಆಟಗಾರ ಮತ್ತೆ ‘ಓಡಿ’ ಎನ್ನುತ್ತಾನೆ, ಅವರು ಏಳುವುದಿಲ್ಲ. ಕೆಲವರು ಹಿಂದಕ್ಕೆ ತೆವಳತೊಡಗುತ್ತಾರೆ.

ಆಟದಲ್ಲೇ ಏನೋ ದೋಷವಿದೆ ಎಂದು ಬೈದುಕೊಂಡು ಬಿಟ್ಟುಹೋದವರಿದ್ದಾರೆ. ಆದರೆ ಆ ಸೈನಿಕ ಏಳದೆ ಮಲಗುವಂತೆ ಮಾಡಲು ಸಮರದಾಟಗಳಿಗೆ ಸುಮಾರು ಎರಡು ಶತಮಾನವೇ ಬೇಕಾಯಿತು. ಪದಾತಿ ಯುದ್ಧದ ಪಾಠ ಶುರುವಾಗುವುದೂ ಅವನು ಮಲಗಿದ ಮೇಲೆಯೇ.

ಚದುರಂಗದ ಕಾಲಾಳು ಯಾವತ್ತೂ ಹೆದರಿದವನಲ್ಲ. ಅವನನ್ನು ಎಲ್ಲಿಗೆ ತಳ್ಳಿದರೂ ಹೋಗುತ್ತಾನೆ, ಹೊಡೆದರೆ ಹಲಗೆಯಿಂದ ಇಳಿಯುತ್ತಾನೆ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್‌ವಿಗ್ ಎಂಬ ವಿದ್ವಾಂಸ ಚದುರಂಗವನ್ನು ಹಿಗ್ಗಿಸಿ, ಸಾವಿರಕ್ಕೂ ಹೆಚ್ಚು ಬಣ್ಣದ ಮನೆಗಳಲ್ಲಿ ಬೆಟ್ಟ, ನೀರು, ಜೌಗು ತೋರಿಸುವ ಆಟವೊಂದನ್ನು ಮಾಡಿದ. ನೆಲ ಬಂತು, ಆದರೆ ಕಾಯಿಗಳ ಸ್ವಭಾವ ಚದುರಂಗದ್ದೇ ಉಳಿಯಿತು. ನಿಜವಾದ ತಿರುವು ಬಂದದ್ದು ಅಂದಿನ ಜರ್ಮನ್ ರಾಜ್ಯ ಪ್ರಶ್ಯದಲ್ಲಿ. ಅಲ್ಲಿ ಹಿರಿಯ ರೈಸ್‌ವಿಟ್ಸ್ 1812ರ ಸುಮಾರಿಗೆ ರಾಜನಿಗೆ ಮೇಜಿನಾಕಾರದ ಯುದ್ಧದಾಟವನ್ನು ಒಪ್ಪಿಸಿದರೆ, ಸೇನಾಧಿಕಾರಿಯಾಗಿದ್ದ ಅವನ ಮಗ 1824ರಲ್ಲಿ ಅದನ್ನು ಆ ಮೇಜಿನ ಹಂಗಿನಿಂದ ಬಿಡಿಸಿ 1:8000 ಪ್ರಮಾಣದ ನಕ್ಷೆಯ ಮೇಲೆ ಇಟ್ಟ. ಒಂದು ಸುತ್ತು ಎಂದರೆ ಎರಡು ನಿಮಿಷದ ಯುದ್ಧ. ನಷ್ಟದ ಲೆಕ್ಕ ದಾಳದಿಂದ. ಸೇನಾ ಮುಖ್ಯಸ್ಥ ಮ್ಯುಫ್ಲಿಂಗ್ ನಿರಾಸಕ್ತಿಯಿಂದಲೇ ನೋಡಲು ಕುಳಿತವನು ಕೊನೆಗೆ, ಇದು ಆಟವಲ್ಲ, ಯುದ್ಧದ ತರಬೇತಿಯೇ ಎಂದನಂತೆ.

ಜರ್ಮನ್ ಭಾಷೆಯಲ್ಲಿ ‘ಯುದ್ಧದಾಟ’ ಎಂದೇ ಅರ್ಥವಿರುವ ಈ ‘ಕ್ರೀಗ್‌ಸ್ಪೀಲ್’ನ ಜಾಣತನ ದಾಳದಲ್ಲಿರಲಿಲ್ಲ, ಅಂಪೈರ್‌ನಲ್ಲಿತ್ತು. ಎರಡೂ ಪಕ್ಷದವರು ಆಜ್ಞೆಯನ್ನು ಬರೆದು ಅವನ ಕೈಗೆ ಕೊಡಬೇಕು. ಕಾಯಿಗಳನ್ನು ನಡೆಸುವವನು ಅವನು. ಶತ್ರು ನಿಮ್ಮ ಸೈನಿಕರ ಕಣ್ಣಿಗೆ ಬಿದ್ದರೆ ಮಾತ್ರ ನಕ್ಷೆಯ ಮೇಲೆ ಇಡುತ್ತಾನೆ, ಇಲ್ಲದಿದ್ದರೆ ಇಲ್ಲ. ಆಜ್ಞೆ ತಲುಪುವುದು ತಡವಾದರೆ ತಡ. ಆಟಗಾರನಿಗೂ ಅವನ ಪಡೆಗೂ ನಡುವೆ ಒಬ್ಬ ಮನುಷ್ಯ ಕುಳಿತ. ಆದರೆ ಒಳ್ಳೆಯ ಅಂಪೈರ್ ಆಗಬೇಕಾದರೆ ಲೆಕ್ಕದ ಕೋಷ್ಟಕಗಳೆಲ್ಲ ಕರತಲಾಮಲಕವಾಗಿರಬೇಕಿತ್ತು. ಅಂಥವರು ವಿರಳ. 1876ರಲ್ಲಿ ಫೆರ್ದಿ ದು ವೆರ್ನ್ವಾ ಎಂಬ ಅಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿ ಅಂಪೈರ್ ತನ್ನ ತಿಳಿವಳಿಕೆಯಿಂದಲೇ ತೀರ್ಪು ಕೊಡಲಿ ಎಂದ. ಲೆಕ್ಕವೋ ಅನುಭವವೋ ಎಂಬ ಜಗಳ ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಈಗ ಅದು ಪ್ರೋಗ್ರಾಂ ಬರೆಯುವವರ ನಡುವೆ ನಡೆಯುತ್ತಿದೆ, ಅಷ್ಟೇ.

ಅವೆಲ್ಲ ದೊಡ್ಡ ಪಡೆಗಳ ಆಟ. ಹತ್ತು ಜನರ ಒಂದು ತುಕಡಿ ಬೇಲಿಯೊಂದನ್ನು ಹೇಗೆ ದಾಟಬೇಕು ಎಂಬುದು ಸೇನಾ ಮುಖ್ಯಸ್ಥರ ಚಿಂತೆಯಾಗಿರಲಿಲ್ಲ. ಮೊದಲ ಮಹಾಯುದ್ಧದ ಮೆಷಿನ್ ಗನ್ನುಗಳು ಆ ಚಿಂತೆಯನ್ನು ತಂದವು. 1918ರ ಹೊತ್ತಿಗೆ ಪ್ರಮುಖ ಸೇನೆಗಳು ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬಂದಿದ್ದವು: ಅರ್ಧ ಜನ ಗುಂಡು ಹಾರಿಸಿ ಶತ್ರು ತಲೆ ಎತ್ತದಂತೆ ನೋಡಿಕೊಳ್ಳಬೇಕು, ಇನ್ನರ್ಧ ಜನ ಆಗ ಮುಂದೆ ಸರಿಯಬೇಕು. ಎರಡನೆಯ ಮಹಾಯುದ್ಧದ ಬಳಿಕ ಎಸ್.ಎಲ್.ಎ. ಮಾರ್ಷಲ್ ಎಂಬ ಅಮೆರಿಕದ ಸೇನಾ ಇತಿಹಾಸಕಾರ, ಕದನದಲ್ಲಿ ನಾಲ್ವರಲ್ಲಿ ಒಬ್ಬನಷ್ಟೇ ಬಂದೂಕು ಬಳಸುತ್ತಾನೆ ಎಂದು ಬರೆದು ಗದ್ದಲ ಎಬ್ಬಿಸಿದ. ಆ ಅಂಕಿಯನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಸೈನಿಕನ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕೆಂಬ ಮಾತು ಉಳಿಯಿತು.

ಹಲಗೆಯ ಆಟಗಳಲ್ಲಿ ಆ ಭಯಕ್ಕೆ ನಿಯಮ ರೂಪ ಕೊಟ್ಟದ್ದು 1977ರ ‘ಸ್ಕ್ವಾಡ್ ಲೀಡರ್’. ಅದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕಿನ ಎಸ್‌ಪಿಐ ಎಂಬ ಹಲಗೆಯಾಟಗಳ ಸಂಸ್ಥೆ ಅಮೆರಿಕದ ಸೇನೆಯ ಕೋರಿಕೆಯ ಮೇರೆಗೆ ‘ಫೈರ್‌ಫೈಟ್’ ಎಂಬ ಆಟ ಮಾಡಿತ್ತು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಜಾನ್ ಹಿಲ್ ರೂಪಿಸಿದ ‘ಸ್ಕ್ವಾಡ್ ಲೀಡರ್’. ಇಲ್ಲಿ ಗುಂಡಿನೇಟಿಗೆ ಸಿಕ್ಕ ತುಕಡಿ ಸಾಯುವುದಕ್ಕಿಂತ ಹೆಚ್ಚಾಗಿ ‘ಮುರಿಯುತ್ತದೆ’. ಮುರಿದ ತುಕಡಿ ಓಡಿ ಮರೆ ಸೇರುತ್ತದೆ, ನಾಯಕನೊಬ್ಬ ಬಳಿ ಬಂದು ಹುರಿದುಂಬಿಸುವವರೆಗೆ ಕೆಲಸಕ್ಕೆ ಬಾರದು. ಮನೋಬಲವೇ ಆಟದ ಮುಖ್ಯ ಅಂಕಿ. ಅದರ ಬೆಲೆ ಎಂದರೆ ನಿಯಮಗಳ ಕಾಡು. 1985ರಲ್ಲಿ ಬಂದ ಮುಂದಿನ ಆವೃತ್ತಿಯ ನಿಯಮ ಪುಸ್ತಕ ಒಂದು ಕಾನೂನು ಸಂಹಿತೆಯಷ್ಟು ದಪ್ಪ. ಜೊತೆಗೆ ಇನ್ನೊಂದು ತೊಡಕು: ಇಬ್ಬರೇ ಆಟಗಾರರು, ಅಂಪೈರ್ ಇಲ್ಲ. ಹಲಗೆಯ ಮೇಲೆ ಬಹುಪಾಲು ಎಲ್ಲವೂ ಇಬ್ಬರಿಗೂ ಕಾಣುತ್ತದೆ.

ಕಂಪ್ಯೂಟರ್ ಬಂದು ಕುಳಿತದ್ದು ಖಾಲಿ ಬಿದ್ದಿದ್ದ ಆ ಅಂಪೈರ್ ಕುರ್ಚಿಯಲ್ಲಿ. 1996ರಲ್ಲಿ ಅಟಾಮಿಕ್ ಗೇಮ್ಸ್ ರೂಪಿಸಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಕ್ಲೋಸ್ ಕಾಂಬ್ಯಾಟ್’ ಮೊದಲು ‘ಸ್ಕ್ವಾಡ್ ಲೀಡರ್’ನ ಕಂಪ್ಯೂಟರ್ ರೂಪವಾಗಿಯೇ ಹುಟ್ಟಬೇಕಿತ್ತು. ಅದರಲ್ಲಿ ಪ್ರತಿ ಸೈನಿಕನಿಗೂ ಹೆಸರಿತ್ತು, ದಣಿವಿತ್ತು, ಮನಃಸ್ಥಿತಿಯಿತ್ತು. ‘ಗುಂಡಿಗೆ ಸಿಕ್ಕು ಅಲ್ಲಾಡಲಾರ’, ‘ದಿಗಿಲುಬಿದ್ದಿದ್ದಾನೆ’ ಎಂದು ಪರದೆಯ ಕೆಳಗೆ ಸೂಚನೆ ಬರುತ್ತಿತ್ತು. 2000ದಲ್ಲಿ ಬಂದ ‘ಕಾಂಬ್ಯಾಟ್ ಮಿಷನ್’ ಇನ್ನೊಂದು ದಾರಿ ಹಿಡಿಯಿತು. ಇಬ್ಬರೂ ಆಟಗಾರರು ಅರುವತ್ತು ಸೆಕೆಂಡಿಗೆ ಬೇಕಾದ ಆಜ್ಞೆಗಳನ್ನು ಕೊಟ್ಟು ಮುಗಿಸಬೇಕು. ಆಮೇಲೆ ಆ ಒಂದು ನಿಮಿಷ ತಾನಾಗಿ ನಡೆಯುತ್ತದೆ, ನಡುವೆ ಕೈಹಾಕುವಂತಿಲ್ಲ. ಕಿರಿಯ ರೈಸ್‌ವಿಟ್ಸ್‌ನ ಎರಡು ನಿಮಿಷದ ಸುತ್ತು, ಬರೆದು ಕೊಡುವ ಆಜ್ಞೆ, ಎರಡೂ ಹೊಸ ವೇಷದಲ್ಲಿ ಮರಳಿದಂತಾಯಿತು.

ಈ ಒಂದು ನಿಮಿಷ ಕಲಿಸುವ ಪಾಠವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದೇ ಮನೆ, ಅದೇ ಬಯಲು. ಸೋತು ಕಲಿತವನು ಮೊದಲು ನೆಲ ನೋಡುತ್ತಾನೆ. ಕ್ಯಾಮೆರಾವನ್ನು ಸೈನಿಕನ ಕಣ್ಣಿನ ಮಟ್ಟಕ್ಕೆ ಇಳಿಸಿದಾಗ, ಮೇಲಿನಿಂದ ಚಪ್ಪಟೆಯಾಗಿ ಕಂಡಿದ್ದ ಬಯಲಿನಲ್ಲಿ ಎಡಕ್ಕೊಂದು ತಗ್ಗು ಕಾಣುತ್ತದೆ. ಮನೆಯ ಕಿಟಕಿಯಿಂದ ಆ ತಗ್ಗು ಕಾಣದು. ಎರಡು ಅಥವಾ ಮೂರು ಜನರನ್ನಷ್ಟೇ ಮುಂದೆ ಕಳಿಸಿ ಶತ್ರು ಎಲ್ಲಿದ್ದಾನೆಂದು ತಿಳಿದುಕೊಳ್ಳುತ್ತಾನೆ. ಒಂದು ತುಕಡಿಯನ್ನೂ ಮೆಷಿನ್ ಗನ್ನನ್ನೂ ಕಲ್ಲುಗೋಡೆಯ ಹಿಂದೆ ಕೂರಿಸಿ ಕಿಟಕಿಗಳ ಮೇಲೆ ಗುಂಡು ಸುರಿಸುತ್ತಾನೆ. ಒಬ್ಬ ಶತ್ರುವೂ ಸಾಯದಿದ್ದರೂ ಪರವಾಗಿಲ್ಲ, ತಲೆ ತಗ್ಗಿಸಿದರೆ ಸಾಕು. ಒಂದು ನಿಮಿಷ ಹಾಗೇ ಕಳೆದ ಮೇಲೆಯೇ ಇನ್ನೊಂದು ತುಕಡಿ ತಗ್ಗಿನಲ್ಲಿ ಸಾಗಿ ಮನೆಯ ಮಗ್ಗುಲಿಗೆ ಬರುತ್ತದೆ. ಮೂರನೆಯದು ಹಿಂದೆಯೇ ಉಳಿಯುತ್ತದೆ. ಹೊಸಬರಿಗೆ ಅತ್ಯಂತ ಕಷ್ಟವಾಗುವುದು ಈ ಮೂರನೆಯ ತುಕಡಿಯನ್ನು ಸುಮ್ಮನೆ ಕೂರಿಸುವುದು.

‘ಕಾಂಬ್ಯಾಟ್ ಮಿಷನ್’ ಸರಣಿಯದೇ 2007ರ ಆಟ ‘ಶಾಕ್ ಫೋರ್ಸ್’ ಇದಕ್ಕೆ ಇನ್ನೊಂದು ಗಂಟು ಹಾಕಿತು. ಅದುವರೆಗೆ ಒಬ್ಬ ಸೈನಿಕನಿಗೆ ಕಂಡದ್ದು ಇಡೀ ಪಡೆಗೆ ಕಂಡಂತೆ. ಈಗ ಕಂಡವನು ಕೂಗಿ ಹೇಳಬೇಕು, ಇಲ್ಲವೇ ರೇಡಿಯೊದಲ್ಲಿ ತಿಳಿಸಬೇಕು. ನಾಯಕ ಸತ್ತರೆ ಸುದ್ದಿ ಅಲ್ಲಿಗೇ ನಿಲ್ಲಬಹುದು. ಪ್ಲಟೂನ್ ನಾಯಕ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ನನಗಂತೂ ಯಾವ ಕೈಪಿಡಿಯೂ ಇದಕ್ಕಿಂತ ಚೆನ್ನಾಗಿ ಉತ್ತರ ಕೊಟ್ಟಿಲ್ಲ.

ಸೇನೆಗಳೂ ಸುಮ್ಮನಿರಲಿಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ಮರೀನ್ ಪಡೆಯವರು ತಮ್ಮ ಕ್ವಾಂಟಿಕೊ ನೆಲೆಯಲ್ಲಿ ‘ಡೂಮ್ 2’ ಆಟದ ರಾಕ್ಷಸರನ್ನು ತೆಗೆದು ಶತ್ರು ಸೈನಿಕರನ್ನು ಕೂರಿಸಿ, ನಾಲ್ವರ ತಂಡ ಒಟ್ಟಾಗಿ ಚಲಿಸುವುದನ್ನು ಅಭ್ಯಾಸ ಮಾಡಿದರು. 1997ರಲ್ಲಿ ಅವರ ಮುಖ್ಯಸ್ಥ ಜನರಲ್ ಕ್ರುಲಾಕ್ ಇಂಥ ಆಟಗಳ ಮೂಲಕ ನಿರ್ಧಾರ ಕೈಗೊಳ್ಳುವ ಅಭ್ಯಾಸ ನಡೆಯಲಿ ಎಂದು ಆದೇಶವನ್ನೇ ಹೊರಡಿಸಿದ. 2004ರ ‘ಫುಲ್ ಸ್ಪೆಕ್ಟ್ರಮ್ ವಾರಿಯರ್’ ನಾಲ್ವರ ಎರಡು ತಂಡಗಳನ್ನು ಆಟಗಾರನಿಗೆ ಕೊಟ್ಟು, ಅವನ ಕೈಯಿಂದ ಬಂದೂಕನ್ನು ಮಾತ್ರ ಕಿತ್ತುಕೊಂಡಿತು. ಇವನು ಆಜ್ಞೆ ಕೊಡಬಹುದು, ಗುಂಡು ಹಾರಿಸುವಂತಿಲ್ಲ. ಚೆಕ್ ದೇಶದ ಬೊಹೀಮಿಯಾ ಸಂಸ್ಥೆಯ 2001ರ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ನಿಂದ ಕವಲೊಡೆದ ‘ವಿಬಿಎಸ್’ ಎಂಬ ಸೇನಾ ತರಬೇತಿ ತಂತ್ರಾಂಶ ಹಲವು ದೇಶಗಳ ಸೇನೆಗಳ ತರಬೇತಿ ಕೊಠಡಿ ಸೇರಿತು. ‘ಕಾಂಬ್ಯಾಟ್ ಮಿಷನ್’ಗೂ ಸೇನಾ ಬಳಕೆಯ ಆವೃತ್ತಿ ಬಂದಿದೆ, ಬ್ರಿಟನ್ನಿನ ರಕ್ಷಣಾ ಸಂಶೋಧನಾಲಯ ಅದನ್ನು ಬಳಸಿದೆ.

ಹಾಗೆಂದು ಹಳೆಯ ಸಾಧನಗಳು ಮೂಲೆ ಸೇರಿಲ್ಲ. ಭಾರತೀಯ ಪದಾತಿ ಶಾಲೆಯ ಜೂನಿಯರ್ ಲೀಡರ್ಸ್ ವಿಂಗ್ ಇರುವುದು ನಮ್ಮ ಬೆಳಗಾವಿಯಲ್ಲಿ. ಕಿರಿಯ ನಾಯಕರ ತರಬೇತಿಯಲ್ಲಿ ಮರಳಿನಲ್ಲಿ ಬೆಟ್ಟ, ನಾಲೆ, ಹಳ್ಳಿಗಳನ್ನು ತೋರಿಸುವ ‘ಸ್ಯಾಂಡ್ ಮಾಡೆಲ್’ಗೆ ಭಾರತೀಯ ಸೇನೆಯಲ್ಲಿ ಇಂದಿಗೂ ಸ್ಥಾನವಿದೆ. ಅದರ ಸುತ್ತ ನಿಂತ ಬೋಧಕ, ‘ಇಲ್ಲಿಂದ ಗುಂಡು ಬಂತು, ಈಗೇನು ಮಾಡುತ್ತೀರಿ?’ ಎಂದು ಕೇಳುವಾಗ ಅವನೂ ಅಂಪೈರೇ.

ಆಟ ಕಲಿಸದ ವಿಷಯಗಳೂ ಬೇಕಾದಷ್ಟಿವೆ, ತಪ್ಪು ಕಲಿಸುವವೂ ಇವೆ. ಬೆನ್ನಿನ ಮೇಲಿನ ಮೂವತ್ತು ಕಿಲೋ ಹೊರೆ, ಮೂರು ರಾತ್ರಿಯ ನಿದ್ದೆಗೇಡು, ಮಳೆಯಲ್ಲಿ ಕೆಟ್ಟ ರೇಡಿಯೊ ಇವೆಲ್ಲ ಪರದೆಯ ಮೇಲೆ ಒಂದೆರಡು ಅಂಕಿಗಳು. ಆಟಗಾರನಿಗೆ ಆಕಾಶದಿಂದ ಇಡೀ ಬಯಲು ಕಾಣುತ್ತದೆ, ಸಾರ್ಜೆಂಟನಿಗೆ ಬೇಲಿಯಾಚೆ ಏನಿದೆ ಎಂಬುದೇ ಕಾಣದು. ನಲವತ್ತರಲ್ಲಿ ಇಪ್ಪತ್ತು ಮಂದಿಯನ್ನು ಕಳೆದುಕೊಂಡು ಗೆದ್ದವನಿಗೆ ಆಟ ಜಯಮಾಲೆ ಹಾಕುತ್ತದೆ. ನಿಜದಲ್ಲಿ ಅಂಥ ಪ್ಲಟೂನ್ ಅಂದಿನ ಮಟ್ಟಿಗೆ ಮುಗಿದಂತೆಯೇ. ಎಲ್ಲಕ್ಕಿಂತ ಕೆಟ್ಟದ್ದು, ಸೋಲುವ ಹೊತ್ತಿಗೆ ಹಿಂದಿನ ಸುತ್ತಿಗೆ ಮರಳುವ ಸೌಲಭ್ಯ. ಎರಡನೆಯ ಸಲ ಆಡುವವನಿಗೆ ಮೆಷಿನ್ ಗನ್ ಯಾವ ಕಿಟಕಿಯಲ್ಲಿದೆ ಎಂಬುದು ಗೊತ್ತು. ಅವನು ಕಲಿತದ್ದು ಆ ಕಿಟಕಿಯನ್ನು, ಯುದ್ಧವನ್ನಲ್ಲ.

ಕಂಪ್ಯೂಟರ್ ಎದುರಾಳಿಯೂ ಅಷ್ಟಕ್ಕಷ್ಟೇ. ‘ಕಾಂಬ್ಯಾಟ್ ಮಿಷನ್’ನ ಈಚಿನ ಆವೃತ್ತಿಗಳಲ್ಲಿ ಅದು ಕದನವನ್ನು ರೂಪಿಸಿದವರು ಮೊದಲೇ ಬರೆದಿಟ್ಟ ಯೋಜನೆಯಂತೆ ನಡೆಯುತ್ತದೆ. ನೀವು ಮಗ್ಗುಲಿಗೆ ಬಂದರೂ, ಅದನ್ನು ಅವರು ಮೊದಲೇ ಊಹಿಸಿ ಬರೆದಿಟ್ಟಿರದಿದ್ದರೆ ಯೋಜನೆ ಬದಲಾಗದು. ಅಂಪೈರ್ ಆಗಿ ಗೆದ್ದ ಯಂತ್ರ ಶತ್ರುವಾಗಿ ಇನ್ನೂ ದಡ್ಡನೇ. ಹಾಗಾಗಿ ಈ ಆಟದ ಗಂಭೀರ ಅಭ್ಯಾಸಿಗಳು ಮನುಷ್ಯರ ಎದುರೇ ಆಡುತ್ತಾರೆ. ಒಬ್ಬ ತನ್ನ ಆಜ್ಞೆಗಳ ಕಡತವನ್ನು ಇಮೇಲ್ ಮಾಡಿದರೆ ಇನ್ನೊಬ್ಬ ತನ್ನದನ್ನು ಸೇರಿಸಿ ಹಿಂದಿರುಗಿಸುತ್ತಾನೆ. ಇಬ್ಬರಿಗೂ ಕಚೇರಿ, ಸಂಸಾರ ಇದ್ದರೆ ಒಂದು ನಿಮಿಷದ ಯುದ್ಧಕ್ಕೆ ಒಂದು ದಿನ ಹಿಡಿಯುತ್ತದೆ, ನಲವತ್ತು ನಿಮಿಷದ ಕದನಕ್ಕೆ ತಿಂಗಳೇ ಬೇಕು. ಅಷ್ಟು ಹೊತ್ತು ಎದುರಿನವನೂ ಅದೇ ತಗ್ಗನ್ನು ನೋಡುತ್ತಿರುತ್ತಾನೆ, ಅಲ್ಲೊಂದು ಮೆಷಿನ್ ಗನ್ ಅಡಗಿಸಿಡಲು ಅವನಿಗೂ ಬೇಕಾದಷ್ಟು ಸಮಯವಿರುತ್ತದೆ.