ಕೀಯ ಹಳೇ ತಲೆಯನ್ನು ಎಸೆಯುವ ಮುಂಚೆ

ಹಳೇ ಪೋರ್ಷೆ 911 ಒಂದರ ಕೀಯ ತಲೆ ಒಡೆದಿದೆ ಅಂದುಕೊಳ್ಳಿ. 1997ರಲ್ಲಿ ಬಂದ, 996 ಎಂದು ಕರೆಯುವ ಪೀಳಿಗೆಯ ಕಾರು. ಗುಂಡಿಯ ರಬ್ಬರ್ ಹರಿದಿದೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಹೊಸ ತಲೆ ತಂದು, ಅದರ ಪಟ್ಟಿಗೆ ಹಳೇ ಕೀಯಂತೆಯೇ ಹಲ್ಲು ಕತ್ತರಿಸಿದ್ದಾಯಿತು. ಒಳಗಿನ ಸರ್ಕ್ಯೂಟ್ ಬೋರ್ಡನ್ನೂ ಕೂರಿಸಿದ್ದಾಯಿತು. ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಕೀ ಸಲೀಸಾಗಿ ತಿರುಗುತ್ತದೆ. ಎಂಜಿನ್ ಮಾತ್ರ ಓಡುವುದಿಲ್ಲ.

ಆಗ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: "ಕೀಯ ಬ್ಯಾಟರಿ ಹೋಗಿರಬೇಕು." ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಬಿಲ್ಲೆಯಂಥ ಬ್ಯಾಟರಿ ಇರುವುದು ದೂರದಿಂದ ಬಾಗಿಲು ತೆರೆಯುವುದಕ್ಕೆ. ಅದು ಪೂರ್ತಿ ಖಾಲಿಯಾದರೂ ಈ ಕಾರು ಸ್ಟಾರ್ಟ್ ಆಗುತ್ತದೆ.

ಎಂಜಿನ್ನಿಗೆ ಅಪ್ಪಣೆ ಕೊಡುವುದು ಬೇರೆಯೇ ಒಂದು ತುಣುಕು. ಹಳೇ ತಲೆಯನ್ನು ಬಿಚ್ಚಿ ನೋಡಿ. ಒಂದು ಪುಟ್ಟ ಗುಳಿಯೊಳಗೆ ಅದು ಸುಮ್ನೆ ಕೂತಿರುತ್ತದೆ. ಬೆರಳ ತುದಿಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. ತಂತಿ ಇಲ್ಲ, ಬೆಸುಗೆ ಇಲ್ಲ. ಪ್ಲಾಸ್ಟಿಕ್ ಚೂರು ಅಂದುಕೊಂಡು ಎಷ್ಟೋ ಜನ ತಲೆಯ ಸಮೇತ ಕಸಕ್ಕೆ ಹಾಕುತ್ತಾರೆ. ಅದೇ ಟ್ರಾನ್ಸ್‌ಪಾಂಡರ್, ಅಂದರೆ ಕಾರಿಗೆ ಕೀಯ ಗುರುತು ಹೇಳುವ ಎಲೆಕ್ಟ್ರಾನಿಕ್ ಚಿಪ್ಪು (ಚಿಪ್). ಅದಕ್ಕೆ ಬ್ಯಾಟರಿಯೇ ಇಲ್ಲ!

ಹಾಗಾದರೆ ಶಕ್ತಿ ಎಲ್ಲಿಂದ? ಕೀ ತೂರಿಸುವ ರಂಧ್ರದ ಸುತ್ತ ತಾಮ್ರದ ಸುರುಳಿಯೊಂದಿದೆ. ಚಿಪ್ಪಿನೊಳಗೂ ಕೂದಲೆಳೆಯಂಥ ತಂತಿಯ ಸುರುಳಿ ಇದೆ. ಕೀ ತಿರುಗಿಸಿದೊಡನೆ ಹೊರಗಿನ ಸುರುಳಿಯ ಕಾಂತಕ್ಷೇತ್ರ ಸೆಕೆಂಡಿಗೆ ಸುಮಾರು 1,25,000 ಸಲ ಏರಿಳಿಯುತ್ತದೆ. ಏರಿಳಿಯುವ ಕಾಂತಕ್ಷೇತ್ರದಲ್ಲಿ ಇಟ್ಟ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ಶ್ರುತಿ ಸೇರಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನೇ ಮಿಡಿಯುತ್ತದೆ, ಅಲ್ವಾ? ಹಾಗೆಯೇ ಈ ಎರಡು ಸುರುಳಿಗಳೂ ಒಂದೇ ಶ್ರುತಿಯಲ್ಲಿವೆ.

ಚಿಪ್ಪು ಎಚ್ಚರವಾಯಿತು, ಸರಿ. ಉತ್ತರ ಹೇಳುವುದು ಹೇಗೆ? ನನಗೆ ಅತಿ ಇಷ್ಟವಾದ ಭಾಗ ಇದು. ಮಗುವನ್ನು ಉಯ್ಯಾಲೆಯಲ್ಲಿ ತೂಗುತ್ತಿದ್ದೀರಿ. ಮಗು ಆಗಾಗ ಕಾಲನ್ನು ನೆಲಕ್ಕೆ ತಾಗಿಸುತ್ತದೆ. ಕಣ್ಣು ಮುಚ್ಚಿದ್ದರೂ ನಿಮ್ಮ ಕೈಗೆ ಆ ಭಾರ ಗೊತ್ತಾಗುತ್ತದೆ. ಮಗು ಬೇಕೆಂದೇ ಒಂದು ಲಯದಲ್ಲಿ ಕಾಲು ತಾಗಿಸಿದರೆ ಅದೇ ಸಂದೇಶ. ಚಿಪ್ಪು ಮಾಡುವುದೂ ಅಷ್ಟೇ. ತನ್ನ ಸುರುಳಿಯ ಹೊರೆಯನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಮಾಡುತ್ತದೆ. ಶಕ್ತಿ ಕೊಡುತ್ತಿರುವ ಸುರುಳಿಗೆ ಆ ಎಳೆತ ತಿಳಿಯುತ್ತದೆ. ಗುರುತು ಸಿಗದೆ ಎಂಜಿನ್ ಓಡಲು ಬಿಡದ ಕಾರಿನ ಕಾವಲು ಸಾಧನ, ಅಂದರೆ ಇಮ್ಮೊಬಿಲೈಸರ್, ಅದನ್ನು ಓದಿ, ಗುರುತು ಸರಿಯಿದ್ದರೆ ಎಂಜಿನ್ನನ್ನು ಬಿಡುತ್ತದೆ.

ಹೊರಗಿನ ಶಕ್ತಿಯಿಂದಲೇ ಮಾತಾಡುವ ಈ ಉಪಾಯ ಇಂಥ ಕಾರು ಕೀಗಳಿಗಿಂತ ಹಳೆಯದು ಎಂದರೆ ಆಶ್ಚರ್ಯವಲ್ಲ; ಗೂಢಚಾರರು ಅದನ್ನು ಮೊದಲೇ ಹಿಡಿದಿದ್ದರು. 1945ರಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಸೋವಿಯತ್ ಕಡೆಯವರು ಮರದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಒಳಗೆ ಸೋವಿಯತ್ ಸಂಶೋಧಕ ಲಿಯಾನ್ ಥೆರೆಮಿನ್ ರೂಪಿಸಿದ ಕದ್ದು ಕೇಳುವ ಸಾಧನ ಇತ್ತು. ಅದಕ್ಕೂ ಬ್ಯಾಟರಿ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಜೀವ ಬರುತ್ತಿತ್ತು. ಅದು ಸಿಕ್ಕಿಬಿದ್ದದ್ದು 1952ರಲ್ಲಿ. ಏಳು ವರ್ಷ! ಅಲ್ಲಿ ಕೆಲಸ ಮಾಡಿದ್ದು ಕಾಂತಕ್ಷೇತ್ರವಲ್ಲ, ರೇಡಿಯೋ ಅಲೆ. ಆದರೂ ಆಲೋಚನೆ ಅದೇ.

ಹಲ್ಲು ಎಷ್ಟೇ ಸರಿಯಾಗಿ ಕತ್ತರಿಸಿದ್ದರೂ ಚಿಪ್ಪು ಹೋದರೆ ಕೆಲಸ ದೊಡ್ಡದಾಗುತ್ತದೆ. ಹೊಸ ಚಿಪ್ಪನ್ನು ಆ ಕಾರಿಗೇ ಪರಿಚಯ ಮಾಡಿಸಬೇಕು. ಅದಕ್ಕೆ ಬೇಕಾದ ಉಪಕರಣ ಇರುವವರೇ ಆಗಬೇಕು.

ಹಳೇ ತಲೆ ಇನ್ನೂ ಕೈಯಲ್ಲಿದ್ದರೆ ಒಂದು ಪ್ರಯೋಗ ಮಾಡಿ. ಒಡೆದ ತಲೆಯನ್ನು ಕೀ ರಂಧ್ರಕ್ಕೆ ಆದಷ್ಟು ಒತ್ತಿ ಹಿಡಿದು, ಹೊಸ ಕೀಯನ್ನು ತಿರುಗಿಸಿ. ಸುರುಳಿಗೆ ಸಾಕಷ್ಟು ಹತ್ತಿರ ಬಂದರೆ ಎಂಜಿನ್ ಓಡುತ್ತದೆ. ಆಮೇಲೆ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ಹೊಸ ತಲೆಯ ಗುಳಿಯಲ್ಲಿ ಕೂರಿಸಿ, ಮುಚ್ಚಳ ಒತ್ತಿಬಿಡಿ.